ಠಣ್ ಅಂತೋ, ದಬ್ ಅಂತೋ: ಹೆವಿ ಮೆಟಲ್ ಇತಿಹಾಸ, ಬೆಳಗಾವಿಯಿಂದ ನೋಡಿದಂಗ

1/10

ಹೆವಿ ಮೆಟಲ್ ಬಗ್ಗೆ ಸ್ಟೋರಿ ಹಾಕಿದಾಗೆಲ್ಲ ಒಂದ ನಮೂನಿ ಮೆಸೇಜ್ ಬರ್ತಾವ. "ಇದು ಸಂಗೀತಾನಾ, ಸಪ್ಪಳಾನಾ?" "ಇಷ್ಟ್ಯಾಕ ಒದರ್ತಾರ?" "ಇದು ನಮ್ದಲ್ಲ ಬಿಡೋ ದೋಸ್ತಾ." ಒಬ್ಬೊಬ್ಬರಿಗೆ ರಿಪ್ಲೈ ಕೊಡೋಕ್ಕಿಂತ ಹತ್ತು ಪೋಸ್ಟಿನಾಗ ಮುಗಿಸಿಬಿಡ್ತೀನಿ. ಸೇವ್ ಮಾಡ್ಕೊಂಡು ನಿಧಾನಕ್ಕ ಓದ್ರಿ, ಬಸ್ಸಿನಾಗ ಟೈಮ್ ಪಾಸ್ ಆಗ್ತೈತಿ.

ಮೊದಲ ಎರಡು ಪ್ರಶ್ನೆಗೆ ಉತ್ತರ ಸಣ್ಣದು. ಗಣಪತಿ ಕಳಿಸೋ ರಾತ್ರಿ ಡಾಲ್ಬಿ ಮುಂದ ನಿಂತು ಎದಿ ನಡುಗಿಸ್ಕೊಂಡು ಬರೋ ಬೆಳಗಾವಿ ಮಂದಿ ನನಗ ಸಪ್ಪಳದ ಬಗ್ಗೆ ಪಾಠ ಹೇಳಬ್ಯಾಡ್ರಿ. ಢೋಲ್-ತಾಶಾ ಪಥಕದಾಗ ನೂರು ಕೈ ಒಂದ ಸಲ ಬಿದ್ದಾಗ ಮೈಮ್ಯಾಲ ಮುಳ್ಳು ಏಳ್ತಾವಲ್ಲ, ನಾನು ಹುಡುಕೋದೂ ಅದನ್ನ.

ಮೂರನೇ ಪ್ರಶ್ನೆ ದೊಡ್ಡದು. "ಇದು ನಮ್ದಲ್ಲ." ಹಂಗಾದ್ರ ಇದು ಯಾರದು? ಎಲ್ಲಿ ಹುಟ್ಟಿತು, ಯಾಕ ಇಷ್ಟು ಭಾರ ಆತು? ಈ ಸರಣಿ ಅದರ ಬಗ್ಗೆನ.

ನಡು ನಡುವ ಆಲ್ಬಮ್ಮು, ಸಿನಿಮಾ ಬಗ್ಗೆ ನನ್ನ ಅಭಿಪ್ರಾಯ ಬರ್ತಾವ. ಸ್ಟಾರ್ ರೇಟಿಂಗ್ ಕೊಡಂಗಿಲ್ಲ. ಖಾನಾಪುರದ ಕುಂಬಾರರ ಹತ್ರ ಗಡಿಗಿ ತಗೊಳ್ಳೋವಾಗ ನಮ್ಮ ಆಯಿಗಳು ಏನ್ ಮಾಡ್ತಾರ? ಬೆರಳ ಗಣ್ಣಿಲೆ ಬಡದು ನೋಡ್ತಾರ. ಠಣ್ ಅಂದ್ರ ಗಟ್ಟಿ, ಮನಿಗೆ ಬರ್ತೈತಿ. ದಬ್ ಅಂದ್ರ ಎಲ್ಲೋ ಸೀಳೈತಿ, ಬಣ್ಣ ಎಷ್ಟ ಚಂದ ಇರಲಿ ಅಲ್ಲೇ ಇಟ್ಟು ಬರ್ತಾರ. ನನ್ನ ಮಾಪಕಾನೂ ಅದ. ಠಣ್ ಇಲ್ಲಾ ದಬ್. ನಡುವ ಏನೂ ಇಲ್ಲ.

2/10

1965. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಎರಕದ ಮನೆಗಳು, ತಗಡಿನ ಕಾರ್ಖಾನೆಗಳು, ಕಾರಿನ ಬಿಡಿಭಾಗ ಮಾಡುವ ಶೆಡ್ಡುಗಳು ತುಂಬಿದ ಊರು. ಅಲ್ಲಿ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗ ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಗಿಟಾರ್ ಬಾರಿಸುತ್ತಿದ್ದ. ಬ್ಯಾಂಡಿನ ಜೊತೆ ಹೊರದೇಶಕ್ಕೆ ಹೋಗುವ ಅವಕಾಶ ಬಂದಿತ್ತು, ಕೆಲಸ ಬಿಟ್ಟಿದ್ದ. ಅವತ್ತು ಅವನ ಕೊನೇ ದಿನ.

ಮಧ್ಯಾಹ್ನ ಊಟಕ್ಕ ಮನಿಗೆ ಬಂದವ "ಇನ್ನ ಹೋಗಂಗಿಲ್ಲ" ಅಂದ. ಅವನ ತಾಯಿ "ಹಿಡಿದ ಕೆಲಸ ಪೂರಾ ಮುಗಿಸಿ ಬಾ" ಅಂತ ಕಳಿಸಿದಳು. (ನಮ್ಮ ಮನ್ಯಾಗಾದ್ರೂ ಇದನ್ನ ಹೇಳ್ತಿದ್ರು.) ಪ್ರೆಸ್ ಮಷೀನ್ ನಡೆಸುವವನು ಅವತ್ತು ಬಂದಿರಲಿಲ್ಲ, ಇವನನ್ನು ಅಲ್ಲಿ ನಿಲ್ಲಿಸಿದರು. ಪ್ರೆಸ್ ಬಲಗೈ ಮೇಲೆ ಬಿತ್ತು. ನಡುಬೆರಳು ಮತ್ತು ಉಂಗುರ ಬೆರಳಿನ ತುದಿ ಹೋದವು.

ಇವಾ ಎಡಚ. ಅಂದ್ರ ಬಲಗೈ ತಂತಿ ಒತ್ತೋ ಕೈ. ಗಿಟಾರಿಗೆ ಯಾವ ಕೈ ಬೇಕೋ ಆ ಕೈನ ಹೋತು.

ವೈದ್ಯರು ಗಿಟಾರ್ ಮರೆತುಬಿಡು ಅಂದರು. ಆಗ ಕಾರ್ಖಾನೆಯ ಮ್ಯಾನೇಜರ್ ಅವನಿಗೆ ಒಂದು ರೆಕಾರ್ಡ್ ತಂದು ಕೇಳಿಸಿದ. ಜ್ಯಾಂಗೋ ರೈನ್‌ಹಾರ್ಟ್ ಎಂಬ ಜ್ಯಾಝ್ ಗಿಟಾರಿಸ್ಟ್. 1928ರಲ್ಲಿ ಬಂಡಿಗೆ ಬೆಂಕಿ ಹತ್ತಿ ಅವನ ಎಡಗೈ ಸುಟ್ಟು, ಎರಡು ಬೆರಳು ಹೆಚ್ಚು ಕಡಿಮೆ ನಿಂತೇ ಹೋಗಿದ್ದವು. ಉಳಿದ ಬೆರಳುಗಳಿಂದಲೇ ಯುರೋಪಿನ ದೊಡ್ಡ ಗಿಟಾರಿಸ್ಟ್ ಆದವನು ಅವನು.

ಅಯೋಮಿ ಮನೆಯಲ್ಲಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿದ. ಉಂಡಿ ಮಾಡಿ, ತೂತು ಕೊರೆದು, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಜಾರಬಾರದೆಂದು ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ.

ಇದ ಹೆವಿ ಮೆಟಲ್ಲಿನ ಮೊದಲನೇ ಉಪಕರಣ. ಗಿಟಾರ್ ಅಲ್ಲ, ಆಂಪ್ಲಿಫೈಯರ್ ಅಲ್ಲ. ಸೋಪಿನ ಬಾಟ್ಲಿ.

3/10

ಈಗ ನೋಡ್ರಿ, ಮಜಾ ಇರೋದು ಇಲ್ಲಿ.

ಪ್ಲಾಸ್ಟಿಕ್ ಟೊಪ್ಪಿಗೆಗೆ ತಂತಿಯ ಸ್ಪರ್ಶ ತಿಳಿಯೋದಿಲ್ಲ. ಬಿಗಿ ತಂತಿ ಒತ್ತಿದರೆ ನೋವು. ಅದಕ್ಕೆ ಅವನು ತೆಳ್ಳನೆಯ ತಂತಿ ಹುಡುಕಿದ. ಆಗ ಗಿಟಾರಿಗೆ ಅಂಥ ತಂತಿ ಸಿಗುತ್ತಿರಲಿಲ್ಲ, ಬ್ಯಾಂಜೋ ತಂತಿ ಹಾಕಿದ. ಮುಂದೆ 1971ರ ಮಾಸ್ಟರ್ ಆಫ್ ರಿಯಾಲಿಟಿ ಆಲ್ಬಮ್ಮಿನ ಹೊತ್ತಿಗೆ ತಂತಿಗಳನ್ನು ಇನ್ನೂ ಸಡಿಲ ಮಾಡಿ, ಶ್ರುತಿಯನ್ನೇ ಮೂರು ಮೆಟ್ಟಿಲು ಕೆಳಗೆ ಇಳಿಸಿದ. ತಂತಿ ಸಡಿಲಾದರೆ ಬೆರಳಿಗೆ ಆರಾಮ. ಶ್ರುತಿ ಇಳಿದರೆ ಸಪ್ಪಳ ದಪ್ಪ, ಭಾರ, ಕತ್ತಲು. ಬೆರಳಿಟ್ಟು ಉದ್ದುದ್ದ ಓಡಾಡೋದು ಕಷ್ಟ, ಹಾಗಾಗಿ ಎರಡೇ ತಂತಿ ಒತ್ತಿ ದೊಡ್ಡ ದೊಡ್ಡ ಹೆಜ್ಜೆ.

ಇಡೀ ಜಗತ್ತಿನ ಮೆಟಲ್ ಬ್ಯಾಂಡುಗಳು ಇವತ್ತು ಯಾವ "ಹೆವಿ"ಗೋಸ್ಕರ ಸಾವಿರಾರು ರೂಪಾಯಿ ಪೆಡಲ್ ಖರೀದಿ ಮಾಡ್ತಾವೋ, ಆ ಹೆವಿ ಬಂದದ್ದು ಒಂದು ಕಾರ್ಮಿಕನ ಕೈ ನೋವಿನಿಂದ.

ಹೆಸರು ಬಂದದ್ದು ಸಿನಿಮಾದಿಂದ. ಆ ಬ್ಯಾಂಡಿನ ಹೆಸರು ಮೊದಲು ಅರ್ಥ್ ಅಂತ ಇತ್ತು. ಅವರು ಅಭ್ಯಾಸ ಮಾಡುವ ಜಾಗದ ಎದುರಿನ ಥಿಯೇಟರಿನಲ್ಲಿ ಮಾರಿಯೋ ಬಾವಾ ಎಂಬ ಇಟಾಲಿಯನ್ ನಿರ್ದೇಶಕನ 1963ರ ಹಾರರ್ ಸಿನಿಮಾ ನಡೆಯುತ್ತಿತ್ತು: ಬ್ಲ್ಯಾಕ್ ಸಬಾತ್. ಹೆದರಿಕೆ ಪಡಲಿಕ್ಕೆ ಮಂದಿ ರೊಕ್ಕ ಕೊಟ್ಟು ಪಾಳಿ ಹಚ್ಚಿದ್ದು ನೋಡಿ ಇವರಿಗೆ ತಲೆ ಓಡಿತು.

ಸಿನಿಮಾ ಹೆಂಗೈತಿ? ಮೂರು ಕಥಿ ಅದಾವ. ಎರಡು ದಬ್. ಆದ್ರ ಹೆಣದ ಬೆರಳಿನಿಂದ ಉಂಗುರ ಕದ್ದ ನರ್ಸಿನ ಕಥಿ ಐತಲ್ಲ, ನೀರಿನ ಹನಿದು, ಅದು ಪಕ್ಕಾ ಠಣ್. ಭೂತ ಬರೋಕ್ಕಿಂತ ಮೊದಲ ಬರೀ ತಟ್, ತಟ್, ತಟ್ ಅಂತ ನೀರು ಬೀಳೋ ಸಪ್ಪಳ. ಜುಲೈ ತಿಂಗಳದಾಗ ಖಾನಾಪುರದ ಹಂಚಿನ ಮನ್ಯಾಗ ಮಲಗಿದವರಿಗೆ ಇದು ಹಾರರ್ ಅಲ್ಲ, ದಿನದ ಬದುಕು.

4/10

ಬ್ಲ್ಯಾಕ್ ಸಬಾತ್ ಬ್ಯಾಂಡಿನ ಮೊದಲ ಆಲ್ಬಮ್ ಬಂದದ್ದು 1970ರ ಫೆಬ್ರುವರಿ 13, ಶುಕ್ರವಾರ. ಹಾಡುಗಳನ್ನು ಹೆಚ್ಚು ಕಡಿಮೆ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದರು. ಶುರುವಿಗೆ ಮಳೆ, ದೂರದ ಗಂಟೆ, ಆಮೇಲೆ ಮೂರು ಸ್ವರ. ಆ ಮೂರು ಸ್ವರ ಬಿದ್ದ ಕೂಡಲೇ ಕೋಣೆಯ ಉಷ್ಣತೆ ಇಳಿದಂಗ ಅನಸ್ತೈತಿ. ಠಣ್. ಇದನ್ನು ಕಣಕುಂಬಿ ಮಳಿಯೊಳಗ, ಕರೆಂಟ್ ಹೋದಾಗ, ಒಬ್ಬರ ಕೂತು ಕೇಳ್ರಿ. ಆಮ್ಯಾಲ ನನಗ ಮೆಸೇಜ್ ಮಾಡ್ರಿ.

ವಿಮರ್ಶಕರು ಹರಿದು ಹಾಕಿದರು. ಜನ ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನ. ಅದೇ ವರ್ಷ ಬಂದ ಪ್ಯಾರನಾಯ್ಡ್ ಮೊದಲ ಸ್ಥಾನ. ಹೊಸಬರು ಪ್ಯಾರನಾಯ್ಡ್‌ನಿಂದ ಶುರು ಮಾಡ್ರಿ. 1976ರ ಟೆಕ್ನಿಕಲ್ ಎಕ್ಸ್‌ಟಸಿ ಮಾತ್ರ ದಬ್. ಅದೇ ಮಂದಿ, ಅದೇ ಕೈ, ಆದ್ರ ಆ ಹೊತ್ತಿಗೆ ಕಾರ್ಖಾನೆ ದೂರ ಹೋಗಿತ್ತು, ರೊಕ್ಕ ಹತ್ರ ಬಂದಿತ್ತು.

ಅದೇ ಸೀಮೆಯಿಂದ ಬಂದ ಇನ್ನೊಂದು ಬ್ಯಾಂಡು ಜೂಡಸ್ ಪ್ರೀಸ್ಟ್. 1980ರ ಏಪ್ರಿಲ್‌ನಲ್ಲಿ ಅವರ ಆಲ್ಬಮ್ ಬ್ರಿಟಿಷ್ ಸ್ಟೀಲ್ ಬಂತು. ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಎದ್ದು ಕೂಡ್ರಿ. ಆ ವರ್ಷ ಜನವರಿಯಿಂದ ಏಪ್ರಿಲ್ ಶುರುವಿನವರೆಗೆ ಬ್ರಿಟನ್ನಿನಲ್ಲಿ ಉಕ್ಕಿನ ಕಾರ್ಮಿಕರ ರಾಷ್ಟ್ರವ್ಯಾಪಿ ಮುಷ್ಕರ ನಡೆದಿತ್ತು. ಮುಷ್ಕರ ಮುಗಿದ ತಿಂಗಳಲ್ಲೇ ಅಂಗಡಿಗೆ ಬಂದ ಆಲ್ಬಮ್ಮಿನ ಹೆಸರು ಆ ಸರಕಾರಿ ಉಕ್ಕಿನ ಕಂಪನಿಯದೇ ಹೆಸರು. ಮುಖಪುಟದ ಮೇಲೆ ಬ್ಲೇಡು ಹಿಡಿದ ಕೈ.

ಮಷೀನಿನ ಸಪ್ಪಳ ಬೇಕಿತ್ತು, ಕಂಪ್ಯೂಟರ್ ಸ್ಯಾಂಪಲ್ ಇರಲಿಲ್ಲ. ಏನ್ ಮಾಡಿದ್ರು ಗೊತ್ತಾ? ಮೆಟಲ್ ಗಾಡ್ಸ್ ಹಾಡಿಗೆ ಚಮಚ-ಫೋರ್ಕು ತುಂಬಿದ ಟ್ರೇ ಅಲುಗಾಡಿಸಿದ್ರು. ಬ್ರೇಕಿಂಗ್ ದ ಲಾ ಹಾಡಿಗೆ ಹಾಲಿನ ಬಾಟ್ಲಿ ಒಡದ್ರು. ಅವ್ವ ಅಡಗಿ ಮನ್ಯಾಗ ಸಿಟ್ಟಿಗೆದ್ದಾಗ ಬರೋ ಸಪ್ಪಳಾನ ಇವರು ರೆಕಾರ್ಡ್ ಮಾಡಿ ಜಗತ್ತಿಗೆ ಮಾರಿದ್ರು. ಠಣ್, ಠಣ್, ಠಣ್.

5/10

ಈಗ ನಮ್ಮೂರಿಗೆ ಬರೋಣ.

ಕುಂದಾ ಬಿಟ್ಟು ಬೆಳಗಾವಿಯಿಂದ ಹೊರಗೆ ಹೋಗೋದೇನು? ಎರಕದ ಸಾಮಾನು. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಲ್ಲಿ ವಾಹನದ ಭಾಗ, ಪಂಪು, ವಾಲ್ವು ತಯಾರಾಗಿ ದೇಶದ ತುಂಬ, ಹೊರದೇಶಕ್ಕೂ ಹೋಗುತ್ತವೆ. ದೇಶದ ಹೆಸರಾಂತ ಫೌಂಡ್ರಿ ಊರುಗಳಲ್ಲಿ ನಮ್ಮದೂ ಒಂದು.

ಫೌಂಡ್ರಿ ಒಳಗಿನ ಕೆಲಸ ಗೊತ್ತಿಲ್ಲದವರಿಗೆ: ಮೊದಲು ಬೇಕಾದ ವಸ್ತುವಿನ ನಮೂನೆ ಮಾಡುತ್ತಾರೆ. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. 1,300 ಡಿಗ್ರಿ ದಾಟಿದ ಕಬ್ಬಿಣದ ರಸ ಆ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಮರಳು ಒಡೆದು ಒಳಗಿನದನ್ನು ಹೊರಗೆ ತೆಗೆಯುತ್ತಾರೆ. ಅಂಚಿಗೆ ಹತ್ತಿದ ಹೆಚ್ಚಿನ ಕಬ್ಬಿಣವನ್ನು ಗ್ರೈಂಡರಿನಿಂದ ಉಜ್ಜಿ ತೆಗೆಯುತ್ತಾರೆ. ಆ ಕೊನೆಯ ಹಂತದ ಸಪ್ಪಳ ಕೇಳಿದವರಿಗೆ ಜೂಡಸ್ ಪ್ರೀಸ್ಟ್ ಜೋಗುಳ ಅನಸ್ತೈತಿ.

ನಾನು ಬಿಕಾಂ. ನಮಗ ಕಾಸ್ಟಿಂಗ್ ಅಂತ ಒಂದು ಪೇಪರ್ ಐತಿ, ಲೆಕ್ಕದ್ದು. ಉದ್ಯಮಬಾಗದಾಗ ನಡೆಯೋದೂ ಕಾಸ್ಟಿಂಗ್, ಕಬ್ಬಿಣದ್ದು. ಕನ್ನಡದಾಗ ಬರದ್ರ ಎರಡೂ ಒಂದ. ಕ್ಲಾಸಿನಾಗ ಇದಕ್ಕ ನಗತೀವಿ. ಆದ್ರ ಆ ಪೇಪರಿನಾಗ ಒಂದು ಪಾಠ ಐತಿ, ಪ್ರೊಸೆಸ್ ಕಾಸ್ಟಿಂಗ್. ನೂರು ಕೇಜಿ ಮಾಲು ಒಳಗ ಹೋದ್ರ ನೂರೂ ಹೊರಗ ಬರಂಗಿಲ್ಲ. ಕಾಯಂ ಆಗಿ ಹೋಗೋದು ನಾರ್ಮಲ್ ಲಾಸ್. ಅಚಾನಕ್ ಹೋಗೋದು ಅಬ್‌ನಾರ್ಮಲ್ ಲಾಸ್. ಎರಡಕ್ಕೂ ಕಾಲಮ್ ಐತಿ.

ನನಗ ಇರೋ ಪ್ರಶ್ನೆ ಇಷ್ಟ: ಬೆರಳು ಯಾವ ಕಾಲಮ್ಮಿಗೆ ಬರ್ತೈತಿ?

ನಿಮ್ಮ ಓಣಿಯೊಳಗ ಉದ್ಯಮಬಾಗಕ್ಕ ಪಾಳಿ ಮ್ಯಾಲ ಹೋಗೋ ಕಾಕಾಗಳ ಕೈ ಒಮ್ಮೆ ಸರಿಯಾಗಿ ನೋಡ್ರಿ. ಚಹಾದ ಕಪ್ಪು ಹಿಡಿಯೋವಾಗ ನೋಡ್ರಿ. ಆಮ್ಯಾಲ ಹೇಳ್ರಿ, ಟೋನಿ ಅಯೋಮಿ ಕಥಿ ಎಷ್ಟು ದೂರದ್ದು ಅಂತ.

6/10

"ಸರಿಪಾ, ಕಾರ್ಖಾನೆ ಒಪ್ಪಿದ್ವಿ. ಸಂಗೀತದಾಗ ನಮ್ದೇನೈತಿ?" ಅಂತೀರಿ. ಐತಿ. ಅದೂ ಗಾಯದ ಕಥಿನ.

1924ರ ಏಪ್ರಿಲ್ 8. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಹುಟ್ಟಿದರು. ಸಣ್ಣ ಹುಡುಗನಾಗಿದ್ದಾಗಲೇ ದೊಡ್ಡವರ ಹಾಡನ್ನು ಇದ್ದಕ್ಕಿದ್ದಂತೆ ಹಾಡಿ ತೋರಿಸಿ ಮಂದಿಯನ್ನು ದಂಗುಬಡಿಸಿದ. ಕುಮಾರ ಗಂಧರ್ವ ಎಂಬ ಹೆಸರು ಬಂತು. ನಮ್ಮೂರ ರಂಗಮಂದಿರದ ಬೋರ್ಡ್ ಮೇಲೆ ದಿನಾ ಓದ್ತೀರಲ್ಲ, ಅವರೇ.

20 ದಾಟಿ ಕೆಲವೇ ವರ್ಷ, ಹೆಸರು ಏರುತ್ತಿರುವಾಗ ಕ್ಷಯ ಬಂತು. ಹವೆ ಒಣ ಇರಲಿ ಎಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಸಿಗೆ. ಹಾಡಬೇಡಿ ಎಂದರು ವೈದ್ಯರು. ಔಷಧಿಯಿಂದ ಬದುಕಿದರು, ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ಮಲಗಿದಲ್ಲೇ ಕಿಟಕಿಯ ಹೊರಗೆ ಮಾಳವಾದ ಹೆಣ್ಣುಮಕ್ಕಳು ಹಾಡಿಕೊಂಡು ಹೋಗುವ ಹಾಡು ಕೇಳುತ್ತಿದ್ದರು.

1950ರ ದಶಕದಲ್ಲಿ ಮತ್ತೆ ಹಾಡಲು ಬಂದರು. ಉದ್ದ ಉಸಿರಿನ ತಾನಿಗೆ ಎದೆ ಒಪ್ಪುತ್ತಿರಲಿಲ್ಲ. ಹಾಗಾಗಿ ಸಣ್ಣ ಸಣ್ಣ ತುಂಡು, ಒಮ್ಮೆಲೇ ಮೇಲೆ ಚಿಮ್ಮುವ ಸ್ವರ, ನಡುವೆ ಮೌನ. ಹಾಸಿಗೆಯಿಂದ ಕೇಳಿದ ಜನಪದ, ಕಬೀರನ ಭಜನೆ ಎಲ್ಲ ಒಳಗೆ ಬಂದವು. ಘರಾಣೆಯ ಮಡಿವಂತರು ಸಿಡಿಮಿಡಿಗೊಂಡರು. ಕೇಳುವವರು ಬೆನ್ನು ಹತ್ತಿದರು.

ಒಬ್ಬರಿಗೆ ಬೆರಳು ಹೋತು, ಒಬ್ಬರಿಗೆ ಉಸಿರು ಹೋತು. ಇಬ್ಬರೂ ಉಳಿದದ್ದರ ಅಳತಿಗೆ ಸಂಗೀತವನ್ನ ಹೊಸದಾಗಿ ಹೊಲದ್ರು. ಇಬ್ಬರಿಗೂ "ಇದು ಸಂಗೀತ ಅಲ್ಲ" ಅಂದವರಿದ್ರು. ಕುಮಾರ ಗಂಧರ್ವರು ಮೆಟಲ್ ಅಂತ ನಾನು ಹೇಳಾಕ ಹತ್ತಿಲ್ಲ, ಹಂಗ ಅಂದ್ರ ಎರಡೂ ಕಡಿ ಮಂದಿ ನನ್ನ ಬಡೀತಾರ. ನಾನು ಹೇಳೋದು, ಇಬ್ಬರ ಕಥಿನೂ ಕೇಳಿದವ "ಇದು ನಮ್ದು, ಅದು ಅವರ್ದು" ಅನ್ನೋ ಮೊದಲ ಎರಡು ಸಲ ವಿಚಾರ ಮಾಡಬೇಕು.

7/10

ಮೆಟಲ್ ಕರ್ನಾಟಕಕ್ಕ ಹೆಂಗ ಬಂತು?

ಮೊದಲು ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿ ಮಾಡಿ, ಕೈ ಬದಲಾಗಿ. 90ರ ದಶಕದ ಆರಂಭಕ್ಕೆ ಬೆಂಗಳೂರಿನಲ್ಲಿ ಡೈಯಿಂಗ್ ಎಂಬ್ರೇಸ್ ಎಂಬ ಬ್ಯಾಂಡು ಡೂಮ್ ಮತ್ತು ಡೆತ್ ಮೆಟಲ್ ಬಾರಿಸುತ್ತಿತ್ತು. 1998ರಲ್ಲಿ ಕ್ರಿಪ್ಟೋಸ್ ಹುಟ್ಟಿತು. ಮೊದಲ ಆಲ್ಬಮ್ ಸ್ಪೈರಲ್ ಅಸೆಂಟ್, 2004.

2007ರ ಮಾರ್ಚ್ 17, ಬೆಂಗಳೂರು ಅರಮನೆ ಮೈದಾನ, ಐರನ್ ಮೇಡನ್. ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ಆವಾಗ ನನಗ ಎರಡು ವರ್ಷ ತುಂಬಿರಲಿಲ್ಲ. ಅವತ್ತು ನಾನೂ ಒದರಿರಬೇಕು, ಕಾರಣ ಬ್ಯಾರೆ. ಮುಂದಿನ ವರ್ಷ ಫೆಬ್ರುವರಿ 1ಕ್ಕೆ ಮುಂಬೈಗೆ ಬಂದರು, ಗಾಯಕ ಬ್ರೂಸ್ ಡಿಕಿನ್ಸನ್ ತಾನೇ ವಿಮಾನ ನಡೆಸಿಕೊಂಡು. ಆ ಪ್ರವಾಸದ ಸಾಕ್ಷ್ಯಚಿತ್ರ ಫ್ಲೈಟ್ 666, 2009. ಠಣ್. ಶುರುವಿಗೆ ಮುಂಬೈ ಹುಡುಗರ ಮುಖ ನೋಡ್ರಿ. ಇಪ್ಪತ್ತು ವರ್ಷ ಕಾದವರ ಮುಖ ಹಂಗಿರ್ತಾವ.

2011ರ ಅಕ್ಟೋಬರ್ 28, ಮೆಟಾಲಿಕಾ ಗುರ್‌ಗಾಂವದಲ್ಲಿ ಬಾರಿಸಬೇಕಿತ್ತು. ಸುರಕ್ಷತೆಯ ಗೊಂದಲದಿಂದ ರದ್ದಾಯಿತು, ಮಂದಿ ಸಾಮಾನು ಒಡೆದು ಹಾಕಿದರು. ಎರಡು ದಿನ ಬಿಟ್ಟು ಅಕ್ಟೋಬರ್ 30ಕ್ಕೆ ಬೆಂಗಳೂರಿನಲ್ಲಿ ಕಾರ್ಯಕ್ರಮ ನಡೆಯಿತು. ಒದರೋ ಮಂದಿ ಅಂತ ಹೆಸರಿಟ್ಟವರು ಇದನ್ನೂ ಬರದಿಟ್ಟುಕೊಳ್ರಿ.

ಮೆಟಾಲಿಕಾ ಬಂತು ಅಂದ್ರ ಸೇಂಟ್ ಆಂಗರ್ ಬಗ್ಗೆ ಹೇಳಲೇಬೇಕು, 2003. ಡ್ರಮ್ಮಿನ ಸಪ್ಪಳ ಖಾಲಿ ಸ್ಟೀಲ್ ಡಬ್ಬಿ ಬಡದಂಗ. ಖರೇನ ಠಣ್ ಅಂತೈತಿ, ಆದ್ರೂ ದಬ್. ನನ್ನ ಮಾಪಕಕ್ಕ ಇದೊಂದ ಅಪವಾದ. ಆದ್ರ ಆ ಆಲ್ಬಮ್ ಮಾಡೋವಾಗ ಬ್ಯಾಂಡಿನವರು ಜಗಳಾಡಿದ್ದರ ಸಾಕ್ಷ್ಯಚಿತ್ರ ಸಮ್ ಕೈಂಡ್ ಆಫ್ ಮಾನ್‌ಸ್ಟರ್, 2004, ಭಾರಿ ಐತಿ. ಜಗಳ ಬಿಡಸಾಕ ಬಂದ ಕೌನ್ಸೆಲರ್‌ಗೆ ತಿಂಗಳಿಗೆ 40,000 ಡಾಲರ್. ನಮ್ಮ ಓಣಿ ಹಿರಿಯರು ಇದನ್ನ ಒಂದು ಕಪ್ ಚಹಾದಾಗ ಮುಗಸ್ತಿದ್ರು.

8/10

ಸಿನಿಮಾ ಪೋಸ್ಟ್ ಬೇಕು ಅಂದವರಿಗೆ. ಲಗೂ ಲಗೂ ಹೇಳ್ತೀನಿ.

ದಿಸ್ ಈಸ್ ಸ್ಪೈನಲ್ ಟ್ಯಾಪ್, 1984. ಇಲ್ಲದ ಬ್ಯಾಂಡಿನ ಬಗ್ಗೆ ಖರೇ ಅನ್ನುವಂತೆ ತೆಗೆದ ಸಿನಿಮಾ. ಎಲ್ಲರ ಆಂಪ್ಲಿಫೈಯರ್ 10ಕ್ಕೆ ನಿಂತರೆ ಇವರದು 11ರವರೆಗೆ ಹೋಗುತ್ತದೆ. ಗಣಪತಿ ಮುಂದಿನ ಡಾಲ್ಬಿ ಮಾಲೀಕರು ಇದನ್ನ ಕಾಮಿಡಿ ಅಂತ ತಿಳಿಯಂಗಿಲ್ಲ, ಕ್ಯಾಟಲಾಗ್ ಅಂತ ತಿಳೀತಾರ. ಠಣ್.

ರಾಕ್ ಆನ್, 2008. ಹಿಂದಿ. ಎಲ್ಲಾರ ಕೂದಲಕ್ಕೂ ಶಾಂಪೂ ಹಾಕೈತಿ, ಯಾರ ಉಗುರಿನಾಗೂ ಮಣ್ಣಿಲ್ಲ. ಗೆಳೆತನದ ಭಾಗ ಚಲೋ ಐತಿ, ಕಣ್ಣೀರೂ ಬಂತು. ಆದ್ರ ರಾಕ್ ಅಂತ ಬಡದು ನೋಡಿದ್ರ ದಬ್.

ಕೆಜಿಎಫ್, 2018. ಮೆಟಲ್ ಸಿನಿಮಾ ಅಲ್ಲ, ಗೊತ್ತೈತಿ. ಆದ್ರ ರವಿ ಬಸ್ರೂರ್ ಅವರ ಹಿನ್ನೆಲೆಯೊಳಗಿನ ಆ ಬಡಿತ ಕೇಳ್ರಿ. ಗಣಿ, ಸುತ್ತಿಗಿ, ದೂಳು, ಕೂಲಿ. ಕನ್ನಡ ಥಿಯೇಟರಿನಾಗ ಅಷ್ಟು ಮಂದಿ ಅಷ್ಟು ಭಾರದ ಸಪ್ಪಳಕ್ಕ ಶಿಳ್ಳಿ ಹೊಡದ್ರಲ್ಲ, ಅವತ್ತ ನನಗ ಅನಿಸಿತು, ನಮ್ಮ ಕಿವಿಗೆ ಹೆವಿ ಹೊಸದಲ್ಲ ಅಂತ. ಠಣ್. (ಡೈಲಾಗಿನ ಬಗ್ಗೆ ಬ್ಯಾರೆ ದಿನ ಜಗಳಾಡೋಣ.)

ಸೌಂಡ್ ಆಫ್ ಮೆಟಲ್, 2019. ಇದಕ್ಕ ಹಾಸ್ಯ ಮಾಡಂಗಿಲ್ಲ. ಒಬ್ಬ ಡ್ರಮ್ಮರ್‌ಗೆ ಕಿವಿ ಕೇಳೋದು ನಿಲ್ಲುತ್ತದೆ. ಇದ್ದದ್ದನ್ನೆಲ್ಲ ಮಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾನೆ. ಕಿವಿಯೊಳಗಿನ ಯಂತ್ರ ಕೊಡುವ ಸಪ್ಪಳ ಹಳೇ ಸಪ್ಪಳ ಅಲ್ಲ, ತಗಡಿನಂಥದ್ದು. ಹೆಸರಿನ ಅರ್ಥ ಅದು. ಹೆಡ್‌ಫೋನ್ ಹಾಕಿಕೊಂಡು ನೋಡ್ರಿ. ಸೌಂಡ್ ಮತ್ತು ಎಡಿಟಿಂಗ್ ಎರಡಕ್ಕೂ ಆಸ್ಕರ್ ಬಂದಿದೆ, ಸುಮ್ಮನೇ ಬಂದಿಲ್ಲ.

ಇದನ್ನ ನೋಡಿದ ಮ್ಯಾಲ ನಮ್ಮ ಕಾರ್ಖಾನೆ ನಿಯಮ ತೆಗೆದು ಓದಿದೆ. 8 ತಾಸಿನ ಪಾಳಿಗೆ ಸಪ್ಪಳದ ಮಿತಿ 90 ಡೆಸಿಬಲ್. 95 ಆದರೆ 4 ತಾಸು. 100 ಆದರೆ 2 ತಾಸು. ಏರೋದು ಐದೈದು ಅಂಕಿ, ಇಳಿಯೋದು ಅರ್ಧರ್ಧ ವೇಳೆ. ನಾವು ಒಂದು ರಾತ್ರಿ ಶೋಕಿಗೆ ಕಿವಿ ಕೊಡ್ತೀವಿ. ಪಾಳಿಗೆ ಹೋಗೋರು ಮೂವತ್ತು ವರ್ಷ ಪಗಾರಕ್ಕ ಕೊಡ್ತಾರ.

9/10

ಈಗ ಖಾನಾಪುರ ತಾಲೂಕು. ನಂದಗಡ.

1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಅಲ್ಲಿ. ಸಮಾಧಿಯೂ ಅಲ್ಲೇ. ಅದಕ್ಕೂ ಮೊದಲು ಇದೇ ಕಾಡಿನೊಳಗೆ ಅಡಗಿ, ಸರಕಾರಿ ಕಚೇರಿಗಳಿಗೆ ಬೆಂಕಿ ಹಚ್ಚಿ, ಕಂಪನಿಯ ನಿದ್ದೆ ಕೆಡಿಸಿದ್ದ. ಲೆಕ್ಕದ ದಫ್ತರಕ್ಕ ಬೆಂಕಿ ಹಚ್ಚಿದವನ ಮ್ಯಾಲ ಬಿಕಾಂ ಹುಡುಗರಿಗೆ ಸ್ವಲ್ಪ ಹೆಚ್ಚ ಪ್ರೀತಿ ಇರ್ತೈತಿ, ಪರೀಕ್ಷೆ ಹತ್ರ ಬಂದಾಗ.

2012ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಸಿನಿಮಾ ಬಂತು. ದೊಡ್ಡ ಪರದೆ ಮ್ಯಾಲ ನಮ್ಮ ಕಡಿ ಇತಿಹಾಸ ಅಂತ ಖುಷಿ ಐತಿ, ಗೌರವ ಐತಿ. ಯುದ್ಧದ ದೃಶ್ಯ ಠಣ್. ಆದ್ರ ನನಗ ಬೇಕಾಗಿದ್ದ ರಾಯಣ್ಣ, ಮಳಿಯೊಳಗ ಕಾಡಿನಾಗ ಕೂತು ಯಾರನ್ನ ನಂಬಬೇಕು ಅಂತ ಲೆಕ್ಕ ಹಾಕೋ ರಾಯಣ್ಣ, ಅಲ್ಲಿ ಕಡಿಮಿ ಸಿಕ್ಕ.

ಅವನು ಎಲ್ಲಿ ಸಿಗಬಹುದು ಅಂತ ಹೇಳ್ತೀನಿ. ಐರನ್ ಮೇಡನ್ನಿನ 1982ರ ಆಲ್ಬಮ್ ದ ನಂಬರ್ ಆಫ್ ದ ಬೀಸ್ಟ್. ಅದರ ಕೊನೆಯ ಹಾಡು ಹ್ಯಾಲೋಡ್ ಬಿ ದೈ ನೇಮ್, ಸುಮಾರು ಏಳು ನಿಮಿಷ. ಗಲ್ಲಿಗೆ ಹೋಗುವ ಕೈದಿಯೊಬ್ಬನ ಕೊನೆಯ ತಾಸು. ಶುರುವಿಗೆ ಗಂಟೆ, ನಿಧಾನ, ಆಮೇಲೆ ತಲೆಯೊಳಗಿನ ಓಟ. ಭಾಷೆ ಬ್ಯಾರೆ, ದೇಶ ಬ್ಯಾರೆ. ಆದ್ರ ಅದನ್ನ ಕೇಳಿಕೊಂಡು ನಂದಗಡದ ಹಾದಿ ಹಿಡದ್ರ, ಅವತ್ತಿನ ಬೆಳಗು ಅವನಿಗೆ ಹೆಂಗಿತ್ತೋ ಅನ್ನೋ ವಿಚಾರ ಬಿಡಂಗಿಲ್ಲ.

ಐರನ್ ಮೇಡನ್ನಿಗೆ ಇತಿಹಾಸದ ಹುಚ್ಚು. ಕ್ರಿಮಿಯಾ ಯುದ್ಧ, ಅಲೆಕ್ಸಾಂಡರ್, ಅಮೆರಿಕದ ಮೂಲನಿವಾಸಿಗಳ ನಾಶ, ಎಲ್ಲದರ ಮೇಲೂ ಹಾಡು. "ನಮ್ಮಲ್ಲಿ ಹಂಗ ಯಾರ ಹಾಡ್ಯಾರ?" ಅಂತ ಕೇಳಬ್ಯಾಡ್ರಿ, ನಗತಾರ. 19ನೇ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಭಾಗದ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಅದರಲ್ಲಿ ರಾಯಣ್ಣನ ಬಂಡಾಯದ ಲಾವಣಿ ಇದೆ. ಇನ್‌ಕಮ್ ಟ್ಯಾಕ್ಸ್ ಮೇಲೂ ಒಂದು ಇದೆ! ಡಪ್ಪು, ತುಂತುಣಿ, ತಾಳ, ಹಿಂದಿನವರು ಜೀ ಜೀ ಅಂತ ದನಿಗೂಡಿಸೋದು. ಒಂದ ತಂತಿ ಇಟ್ಟುಕೊಂಡು ರಾತ್ರಿಗಟ್ಟಲೆ ಕಂಪನಿ ಸರಕಾರದ ಕಥಿ ಹೇಳಿದವರು ನಮ್ಮ ಕಡಿಯವರು. ಅವರಿಗೆ ಒಂದು ಆಂಪ್ಲಿಫೈಯರ್ ಕೊಟ್ಟಿದ್ರ ಏನಾಗ್ತಿತ್ತು ಅಂತ ವಿಚಾರ ಮಾಡ್ರಿ.

10/10

ಕೊನೇದು.

2013ರಲ್ಲಿ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಜರ್ಮನಿಯ ವಾಕನ್ ಉತ್ಸವದಲ್ಲಿ ಬಾರಿಸಿತು. 2017ರಲ್ಲಿ ಮತ್ತೊಮ್ಮೆ. ವಾಕನ್ ಅಂದ್ರ ಮಹಾನಗರ ಅಲ್ಲ, ಎರಡು ಸಾವಿರದಷ್ಟು ಮಂದಿ ಇರುವ ಹಳ್ಳಿ. ಹೊಲ, ದನ, ಮಳಿ, ರಾಡಿ. 1990ರಿಂದ ಅಲ್ಲಿ ಮೆಟಲ್ ಉತ್ಸವ ನಡೆಯುತ್ತ ಬಂದು, ಈಗ ಜಗತ್ತಿನಾದ್ಯಂತದಿಂದ ಹತ್ತಾರು ಸಾವಿರ ಜನ ಆ ರಾಡಿಯಲ್ಲಿ ನಿಲ್ಲಲು ಬರುತ್ತಾರೆ. ರಾಡಿ ವಿಷಯದಾಗ ಖಾನಾಪುರ ಯಾರಿಗೂ ಕಡಿಮಿ ಇಲ್ಲ, ಇಷ್ಟ ಹೇಳಿ ಬಿಡ್ತೀನಿ. ಕ್ರಿಪ್ಟೋಸ್ ಕೇಳೋರು 2016ರ ಬರ್ನ್ ಅಪ್ ದ ನೈಟ್‌ನಿಂದ ಶುರು ಮಾಡ್ರಿ. ಬೈಕಿನ ಆಲ್ಬಮ್. ಠಣ್.

2025ರ ಜುಲೈ 5ರಂದು ಬ್ಲ್ಯಾಕ್ ಸಬಾತ್‌ನ ಮೂಲ ನಾಲ್ವರೂ ಕೊನೆಯ ಸಲ ಒಟ್ಟಿಗೆ ಬಾರಿಸಿದರು. ಜಾಗ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್, ಅವರು ಬೆಳೆದ ಓಣಿಗಳ ನಡುವಿನ ಮೈದಾನ. ಗಾಯಕ ಓಝಿ ಆಸ್ಬೋರ್ನ್‌ಗೆ ನಿಲ್ಲಲು ಆಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಹಾಡಿದ. ಅಯೋಮಿಯ ಬೆರಳಿಗೆ ಟೊಪ್ಪಿಗೆ ಇತ್ತು, ಆರು ದಶಕದ ನಂತರವೂ. ಜುಲೈ 22ಕ್ಕೆ ಓಝಿ ತೀರಿಕೊಂಡ. ಊರಿಗೆ ಊರೇ ರಸ್ತೆಗೆ ಬಂದು ನಿಂತಿತು. ಒಂದು ಕಾಲದಲ್ಲಿ "ಸಪ್ಪಳ" ಅಂದಿದ್ದನ್ನು ಆ ಊರು ಈಗ "ನಮ್ಮದು" ಅನ್ನುತ್ತದೆ.

ಇತಿಹಾಸ ಅಂದ್ರ ರಾಜರದ್ದು, ತಾರೀಖಿಂದು ಅಂತ ನಮಗ ಕಲಿಸ್ಯಾರ. ಆದ್ರ ಬರ್ಮಿಂಗ್‌ಹ್ಯಾಮ್‌ನಾಗ ಒಂದು ಪ್ರೆಸ್ ಮಷೀನ್ ಬಿದ್ದದ್ದೂ ಇತಿಹಾಸ ಆತು, ಯಾಕಂದ್ರ ಆ ಕೈ ಗಿಟಾರ್ ಹಿಡೀತು. ಗಿಟಾರ್ ಹಿಡಿಯದ ಕೈಗಳ ಕಥಿ ಯಾರೂ ಬರೀಲಿಲ್ಲ. ಅಲ್ಲೂ ಬರೀಲಿಲ್ಲ, ಇಲ್ಲೂ ಬರದಿಲ್ಲ.

ಹಂಗಾಗಿ ನಿಮಗ ಮೂರು ಕೆಲಸ. ಒಂದು, ಬ್ಲ್ಯಾಕ್ ಸಬಾತ್ ಮೊದಲ ಆಲ್ಬಮ್ ಪೂರಾ ಕೇಳ್ರಿ, ಜೊತಿಗೆ ಕುಮಾರ ಗಂಧರ್ವರ ಒಂದು ಭಜನೆ. ಎರಡು, ಡಾಲ್ಬಿ ಮುಂದ ನಿಲ್ಲೋವಾಗ ಕಿವಿಗೆ ಏನಾರ ಇಟ್ಕೊಳ್ರಿ, ಮೆಟಲ್ ಕೇಳಾಕ ಮುಂದ ಕಿವಿ ಬೇಕು. ಮೂರು, ನಿಮ್ಮ ಮನ್ಯಾಗ, ಓಣ್ಯಾಗ ಫೌಂಡ್ರಿಗೆ ಹೋದವರು ಇದ್ರ ಅವರನ್ನ ಕೂಡಿಸಿ ಕೇಳ್ರಿ: ಒಳಗ ಹೆಂಗ ಸಪ್ಪಳ ಇರ್ತೈತಿ? ಕೈಗೆ ಏನಾತು? ಫೋನಿನಾಗ ರೆಕಾರ್ಡ್ ಮಾಡ್ಕೊಳ್ರಿ, ಅವರು ಹೂಂ ಅಂದ್ರ ಮಾತ್ರ.

ಅದಕ್ಕ ಗಿಟಾರ್ ಆಮ್ಯಾಲ ಹಚ್ಚೋಣ. ಮೊದಲ ಬಡದು ನೋಡೋಣ, ಠಣ್ ಅಂತೋ, ದಬ್ ಅಂತೋ.

ಕಾಮೆಂಟಿನಾಗ ಹೇಳ್ರಿ: ನೀವು ಕೇಳಿದ ಎಲ್ಲಕ್ಕಿಂತ ಭಾರದ ಸಪ್ಪಳ ಯಾವುದು? ಹಾಡು ಇರಬೇಕು ಅಂತ ಏನಿಲ್ಲ.

#ಠಣ್‌ಅಥವಾದಬ್ #ಬೆಳಗಾವಿ #ಖಾನಾಪುರ #ಉದ್ಯಮಬಾಗ #ಹೆವಿಮೆಟಲ್‌ಕನ್ನಡದಾಗ